ತೆನೆ ಬರುವ ತನಕ ಬಿಟ್ಟ ದಂಟು

ಹಿತ್ತಲಲ್ಲಿ ತರಕಾರಿ ಬೆಳೆಯುತ್ತೇನೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಧಾನ್ಯ ಬೆಳೆಯುತ್ತೇನೆ ಅಂದರೆ ಮಾತ್ರ "ಎಷ್ಟು ಎಕರೆ ಅದಾವ್ರಿ?" ಅಂತ ಕೇಳುತ್ತಾರೆ. ಕೇಳುವುದು ಸರಿಯೇ. ಭತ್ತ ಬೆಳೆದರೆ ಹೊಟ್ಟು ಬಿಡಿಸಲು ಗಿರಣಿಗೆ ಹೋಗಬೇಕು, ಇಲ್ಲವೇ ಒರಳು ಒನಕೆ ಹುಡುಕಬೇಕು. ನವಣೆ, ಸಾಮೆ, ಊದಲಿನ ಕತೆಯೂ ಅದೇ. ಅವುಗಳ ಸಿಪ್ಪೆ ಬಿಡಿಸುವ ಕಷ್ಟಕ್ಕೆ ಬೇಸತ್ತೇ ಎಷ್ಟೋ ಮನೆಗಳಲ್ಲಿ ಅಕ್ಕಿ ಒಳಗೆ ಬಂತು, ಅವು ಹೊರಗೆ ಹೋದವು. ಜೋಳ ಹಾಕಿದರೆ ಊರಿನ ಗಿಳಿಗಳಿಗೆಲ್ಲ ಮೊದಲ ಪಂಕ್ತಿ. ರಾಗಿಗೆ ಸಿಪ್ಪೆಯ ತಕರಾರಿಲ್ಲ, ಆದರೆ ಬಡಿಯಬೇಕು, ತೂರಬೇಕು, ಕೊನೆಗೆ ಬೀಸಲೇಬೇಕು. ಒಂದು ಮಡಿಯ ರಾಗಿ ಹಿಡಿದುಕೊಂಡು ಹಿಟ್ಟಿನ ಗಿರಣಿಯ ಮುಂದೆ ನಿಂತರೆ ಗಿರಣಿಯವನು ನಮ್ಮ ಚೀಲ ನೋಡಿ ಮುಂದಿನವರನ್ನು ಕರೆಯುತ್ತಾನೆ.

ಈ ಯಾವ ರಗಳೆಯೂ ಇಲ್ಲದೆ, ಮನೆಯ ಕೈ, ಮನೆಯ ಮೊರ, ಮನೆಯ ಒಲೆಯಲ್ಲೇ ಆರಂಭದಿಂದ ಊಟದವರೆಗೆ ಮುಗಿಯುವುದು ನನಗೆ ತಿಳಿದಂತೆ ಒಂದೇ. ಅದು ರಾಜಗಿರಿ. ಇದಕ್ಕೆ ಸಿಪ್ಪೆ ಬಿಡಿಸಬೇಕಿಲ್ಲ. ಬೀಸಲೂಬೇಕಿಲ್ಲ. ತೆನೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕಾಳು ಉದುರುತ್ತದೆ, ಗಾಳಿಗೆ ತೂರಿದರೆ ಹೊಟ್ಟು ಹೋಗುತ್ತದೆ, ಬಿಸಿ ಕಡಾಯಿಗೆ ಹಾಕಿದರೆ ಅರಳುತ್ತದೆ. ತಿನ್ನಬಹುದು. ಈ ಗಿಡದ ಬಗ್ಗೆ ಪ್ರೋಟೀನು, ಕ್ಯಾಲ್ಸಿಯಂ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಗುಣ ಇದು: ಯಂತ್ರ ಬೇಡದ ಧಾನ್ಯ.

ನಾನು ಹಾಸನದ ಕಡೆಯವಳು. ನಮ್ಮಲ್ಲಿ ಇದು ದಂಟು. ದಂಟಿನ ಸೊಪ್ಪಿನ ಬಸ್ಸಾರು, ಮಸ್ಸೊಪ್ಪು, ಬಲಿತ ದಂಟಿದ್ದರೆ ಹುಳಿ. ಹೂ ಕಾಣಿಸಿತೆಂದರೆ ಗಿಡ ಮುಗಿಯಿತು, ಕಿತ್ತು ದನಕ್ಕೆ ಹಾಕಿದರಾಯಿತು ಅನ್ನುವ ಲೆಕ್ಕ. ದಕ್ಷಿಣ ಕನ್ನಡದ ಗೆಳತಿಗೆ ಇದು ಹರಿವೆ, ಚಾಮರಾಜನಗರದ ಕಡೆಯವರಿಗೆ ಕೀರೆ. ಮದುವೆಯಾಗಿ ಧಾರವಾಡಕ್ಕೆ ಬಂದ ಮೇಲೆ ಇದೇ ಕುಲದ ಗಿಡದ ಇನ್ನೊಂದು ಮುಖ ನೋಡಿದೆ. ಇಲ್ಲಿ ರಾಜಗಿರಿ ಪಲ್ಯವೂ ಉಂಟು, ರಾಜಗಿರಿ ಉಂಡಿಯೂ ಉಂಟು. ಪಲ್ಯ ವಾರದ ದಿನಗಳಿಗೆ, ಉಂಡಿ ಏಕಾದಶಿಗೆ. ಹಿತ್ತಲಲ್ಲಿ ನಾನು ಸೊಪ್ಪಿಗೆಂದು ಸಾಲು ಹಿಡಿದು ಕೀಳುತ್ತಿದ್ದಾಗ ಅತ್ತೆ ಕಟ್ಟೆಯ ಮೇಲೆ ಕೂತವರು ಹೇಳಿದ್ದಿಷ್ಟೇ: "ಎಲ್ಲಾನೂ ಕೀಳಬ್ಯಾಡವಾ. ಆ ಕಡೀ ಸಾಲು ಹಂಗ ಬಿಡು, ತೆನಿ ಬರ್ತಾವು." ಬಿಟ್ಟೆ. ಆ ಮೇಲೆ ಪ್ರತಿ ವರ್ಷ ಬಿಡುತ್ತಿದ್ದೇನೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಎಲ್ಲ ದಂಟೂ ಕಾಳಿಗೆ ಬರುವುದಿಲ್ಲ. ಸೊಪ್ಪಿಗೆಂದು ಬೆಳೆಯುವ ಜಾತಿಗಳ ಬೀಜ ಕಪ್ಪು, ಹೊಳೆಯುವ ಕಪ್ಪು, ಸಿಪ್ಪೆ ಗಟ್ಟಿ. ಅದು ಕಡಾಯಿಯಲ್ಲಿ ಸರಿಯಾಗಿ ಅರಳುವುದಿಲ್ಲ, ಬೇಯಿಸಿದರೆ ಮರಳು ಅಗಿದ ಹಾಗೆ ಹಲ್ಲಿಗೆ ಸಿಗುತ್ತದೆ. ಕಾಳಿನ ಜಾತಿಗಳದ್ದು ಕೆನೆ ಬಣ್ಣದ, ಮಾಸಲು ಹಳದಿಯ ಬೀಜ. ಸಸ್ಯಶಾಸ್ತ್ರದವರು ಕಾಳಿನ ದಂಟು ಅಂತ ಮುಖ್ಯವಾಗಿ ಮೂರನ್ನು ಹೆಸರಿಸುತ್ತಾರೆ: ಅಮರಾಂತಸ್ ಹೈಪೊಕಾಂಡ್ರಿಯಾಕಸ್, ಅಮರಾಂತಸ್ ಕ್ರುಯೆಂಟಸ್, ಅಮರಾಂತಸ್ ಕಾಡೇಟಸ್. ಮೊದಲಿನೆರಡು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯವು. ಮೂರನೆಯದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನದು, ಪೆರುವಿನಲ್ಲಿ ಅದನ್ನು ಕಿವಿಚಾ ಅನ್ನುತ್ತಾರೆ. ನಮ್ಮ ಸೊಪ್ಪಿನ ದಂಟು ಏಷ್ಯಾದ್ದೇ, ಕಾಳಿನ ದಂಟು ಮಾತ್ರ ಸಮುದ್ರ ದಾಟಿ ಬಂದದ್ದು.

ಇದು ಗೊತ್ತಾದ ದಿನದಿಂದ ಏಕಾದಶಿಯ ತಾಟನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಸಾಬೂದಾಣಿ ಖಿಚಡಿ: ಸಾಬೂದಾಣಿಯಾಗುವ ಮರಗೆಣಸು ದಕ್ಷಿಣ ಅಮೆರಿಕದ್ದು. ಅದರೊಳಗಿನ ಶೇಂಗಾ ಅಲ್ಲಿಯದೇ, ಬಟಾಟಿಯೂ ಅಲ್ಲಿಯದೇ, ಹಸಿಮೆಣಸಿನಕಾಯಿಯೂ ಅಮೆರಿಕದ್ದೇ. ಪಕ್ಕದಲ್ಲಿ ರಾಜಗಿರಿ ಉಂಡಿ. ಪೂರ್ತಿ ತಾಟು ಕೊಲಂಬಸನ ನಂತರದ್ದು! ಅನ್ನ, ಗೋಧಿ, ಬೇಳೆ ಮುಟ್ಟಬಾರದು ಅನ್ನುವ ಪಟ್ಟಿ ಯಾವತ್ತೋ ಆಗಿತ್ತು. ಆಮೇಲೆ ಹಡಗಿನಲ್ಲಿ ಬಂದವು ಆ ಪಟ್ಟಿಯಲ್ಲಿ ಇರಲಿಲ್ಲ, ಆದ್ದರಿಂದ ನಡೆದುಹೋದವು. ನನ್ನ ಊಹೆ ಇಷ್ಟೇ. ಅತ್ತೆಗೆ ಹೇಳಿದರೆ "ದೇವ್ರಿಗೆ ಗೊತ್ತಿರ್ಲಾರದ್ದು ನಿನಗ ಗೊತ್ತಾತೇನು?" ಅಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಮೆಕ್ಸಿಕೋದಲ್ಲಂತೂ ಈ ಕಾಳಿಗೂ ದೇವರಿಗೂ ಇದ್ದ ಸಂಬಂಧ ನಮ್ಮ ಏಕಾದಶಿಗಿಂತ ಗಾಢ. ಸ್ಪೇನಿನವರು ಬಂದು ಗೆಲ್ಲುವ ಮೊದಲು ಅಲ್ಲಿ ಆಳುತ್ತಿದ್ದ ಅಜ್ಟೆಕರು ಇದನ್ನು ಹುವಾತ್ಲಿ ಅನ್ನುತ್ತಿದ್ದರು. 16ನೇ ಶತಮಾನದ ಮೆಂಡೋಜಾ ಕೋಡೆಕ್ಸ್ ಎಂಬ ಚಿತ್ರಗ್ರಂಥದಲ್ಲಿ ಸಾಮಂತ ಊರುಗಳು ರಾಜಧಾನಿಗೆ ಒಪ್ಪಿಸಬೇಕಾದ ಕಪ್ಪದ ಚಿತ್ರಪಟ್ಟಿ ಇದೆ. ಅದರಲ್ಲಿ ಮೆಕ್ಕೆಜೋಳ, ಅವರೆ ಜಾತಿಯ ಕಾಳು, ಚಿಯಾ ಜೊತೆ ಹುವಾತ್ಲಿಯ ಕಣಜಗಳೂ ಬರುತ್ತವೆ. ಹಬ್ಬಗಳಲ್ಲಿ ಇದರ ಹಿಟ್ಟನ್ನು ಸಿಹಿರಸದಲ್ಲಿ ಕಲಸಿ ದೇವರ ಮೂರ್ತಿ ಮಾಡುತ್ತಿದ್ದರು. ಆ ಹಿಟ್ಟಿಗೆ ತ್ಸೊವಾಲ್ಲಿ ಅಂತ ಹೆಸರು. ಯುದ್ಧದೇವತೆ ಹುಯಿಟ್ಜಿಲೊಪೊಚ್ಟ್ಲಿಯ ಮೂರ್ತಿಯನ್ನು ಹೀಗೆ ಮಾಡಿ, ಪೂಜಿಸಿ, ಕೊನೆಗೆ ಮುರಿದು ಜನರೆಲ್ಲ ಹಂಚಿಕೊಂಡು ತಿನ್ನುತ್ತಿದ್ದರು. ಸಹಗುನ್ ಎಂಬ ಸ್ಪೇನಿನ ಪಾದ್ರಿ ಇದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾನೆ. 1520ರ ಮೇ ತಿಂಗಳಲ್ಲಿ ಟೋಶ್ಕಾಟ್ಲ್ ಹಬ್ಬಕ್ಕೆ ಇಂಥದೇ ಮೂರ್ತಿ ಮಾಡಿ ಜನ ಕುಣಿಯುತ್ತಿದ್ದಾಗ ಆಲ್ವರಾಡೋ ಎಂಬ ಸ್ಪೇನಿನ ದಳಪತಿ ಬಾಗಿಲು ಮುಚ್ಚಿಸಿ ಕುಣಿಯುವವರನ್ನೇ ಕಡಿಸಿದ.

ದೇವರನ್ನು ಹಿಟ್ಟಿನಲ್ಲಿ ಮಾಡಿ ತಿನ್ನುವ ಪದ್ಧತಿ ತಮ್ಮ ಚರ್ಚಿನ ಪ್ರಸಾದದ ರೊಟ್ಟಿಯನ್ನು ಅಣಕಿಸುವಂತೆ ಪಾದ್ರಿಗಳಿಗೆ ಕಂಡಿತು. ಹಬ್ಬಗಳನ್ನು ನಿಲ್ಲಿಸಿದರು. ಹಬ್ಬ ನಿಂತ ಮೇಲೆ ಬೆಳೆಯೂ ಸೊರಗಿತು. ಪೂರ್ತಿ ಹೋಗಲಿಲ್ಲ, ಅಲ್ಲೊಂದು ಇಲ್ಲೊಂದು ತೋಟದಲ್ಲಿ ಉಳಿಯಿತು. ಮೆಕ್ಸಿಕೋ ನಗರದ ದಕ್ಷಿಣಕ್ಕಿರುವ ತುಲ್ಯೆವಾಲ್ಕೊ ಎಂಬ ಊರು ಇವತ್ತಿಗೂ ಈ ಕಾಳಿಗೆ ಹೆಸರುವಾಸಿ. ಅರಳಿಸಿದ ಕಾಳನ್ನು ಜೇನಿನಲ್ಲೋ ಸಕ್ಕರೆಪಾಕದಲ್ಲೋ ಕಟ್ಟಿದ ಮಿಠಾಯಿಗೆ ಅವರು ಅಲೆಗ್ರಿಯಾ ಅನ್ನುತ್ತಾರೆ. ಫೋಟೋದಲ್ಲಿ ನೋಡಿದರೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮಾರುವ ರಾಜಗಿರಿ ಚಿಕ್ಕಿಗೂ ಅದಕ್ಕೂ ಏನೂ ಫರಕಿಲ್ಲ. ಬೆಲ್ಲ ಒಂದು ಬೇರೆ.

ನಮ್ಮ ದೇಶದಲ್ಲಿ ಇದು ಹಿಮಾಲಯದ ಮಗ್ಗುಲಿಗೆ ಚೆನ್ನಾಗಿ ಒಗ್ಗಿಕೊಂಡಿತು. ಗಢವಾಲದಲ್ಲಿ ಬಾರಹನಾಜಾ ಎಂಬ ಮಿಶ್ರಬೇಸಾಯವಿದೆ, ಒಂದೇ ಹೊಲದಲ್ಲಿ ಹನ್ನೆರಡು ಬಗೆಯ ಕಾಳು. ಅದರಲ್ಲಿ ಮರ್ಸಾ ಅಂತ ಇದಕ್ಕೊಂದು ಜಾಗ. ಬಯಲಿನವರಿಗೆ ಇದು ರಾಮದಾನಾ. ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ ಎಕರೆಗಟ್ಟಲೆ ಬೆಳೆಯುತ್ತಾರೆ. ನಮ್ಮಲ್ಲಿಯೂ ಇದು ಬರೀ ಅಂಗಡಿಯ ಸರಕಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರಾಗಿಯ ಜೊತೆಗೆ ಕೀರೆಯನ್ನು ಕಾಳಿಗೂ ಬೆಳೆದವರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 'ಸುವರ್ಣ' ಎಂಬ ಕಾಳಿನ ತಳಿಯನ್ನು 1990ರ ದಶಕದಲ್ಲೇ ಬಿಡುಗಡೆ ಮಾಡಿತ್ತು. ಆದರೆ ಹಳ್ಳಿಯ ಯಾವ ರೈತರನ್ನು ಕೇಳಿದರೂ ದಂಟು ಅಂದರೆ ಸೊಪ್ಪು. ಮಾರುಕಟ್ಟೆ ಇಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ರಾಗಿ ಜೋಳ ಇರುವ ನಾಡಿಗೆ ಇದು ಯಾಕೆ ಬೇಕಿತ್ತು ಅನ್ನುವುದು. ಅದು ನ್ಯಾಯವಾದ ಪ್ರಶ್ನೆಯೇ. ಹೊಲಕ್ಕೆ ಬೇಕಿಲ್ಲದಿರಬಹುದು, ಹಿತ್ತಲಿಗೆ ಬೇಕು ಅನ್ನುವುದು ನನ್ನ ವಾದ.

ಈಗ ಬೆಳೆಯುವ ಮಾತು. ಬೀಜಕ್ಕೆ ಎಲ್ಲಿಗೂ ಹೋಗಬೇಕಿಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವ ಹುರಿಯದ ರಾಜಗಿರಿ ಹಳತಾಗಿರದಿದ್ದರೆ ಅದೇ ಮೊಳೆಯುತ್ತದೆ. ಒಂದು ಚಿಟಿಕೆಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಪರೀಕ್ಷೆ ಮಾಡಿಕೊಳ್ಳಿ, ಎರಡು ಮೂರು ದಿನದಲ್ಲಿ ಬಿಳಿ ಮೊಳಕೆ ಕಾಣುತ್ತದೆ. ಒಂದು ಗ್ರಾಂನಲ್ಲಿ ಸಾವಿರಕ್ಕೂ ಹೆಚ್ಚು ಕಾಳು ಇರುವುದರಿಂದ ಬಿತ್ತುವುದೇ ಒಂದು ಕಲೆ. ಎಕರೆಗೇ ಒಂದು ಕಿಲೋ ಬೀಜ ಸಾಕು ಅಂದ ಮೇಲೆ ಹಿತ್ತಲಿಗೆ ಎಷ್ಟು ಅಂತ ಲೆಕ್ಕ ಹಾಕಿಕೊಳ್ಳಿ. ಒಣ ಮರಳಿನಲ್ಲೋ ಸೋಸಿದ ಬೂದಿಯಲ್ಲೋ ಬೆರೆಸಿ ಗೆರೆ ಎಳೆದಂತೆ ಉದುರಿಸಬೇಕು. ಮೇಲೆ ಮಣ್ಣು ಮುಚ್ಚುವುದೂ ಹೆಸರಿಗೆ ಮಾತ್ರ. ಆಳಕ್ಕೆ ಹೋದ ಬೀಜಕ್ಕೆ ಮೇಲೆ ಬರುವ ಶಕ್ತಿಯಿಲ್ಲ. ಬೂದಿಯಲ್ಲಿ ಬೆರೆಸಿದರೆ ಇನ್ನೊಂದು ಅನುಕೂಲ, ಇರುವೆಗಳು ಸ್ವಲ್ಪ ದೂರ ನಿಲ್ಲುತ್ತವೆ. ಇಲ್ಲವೆಂದರೆ ಬೆಳಗಾಗುವುದರೊಳಗೆ ಒಂದು ಸಾಲನ್ನೇ ಸಾಗಿಸಿರುತ್ತವೆ.

ಯಾವಾಗ ಬಿತ್ತಬೇಕು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸೊಪ್ಪಿಗಾದರೆ ಯಾವಾಗ ಬೇಕಾದರೂ ಹಾಕಿ. ಕಾಳಿಗಾದರೆ ತೆನೆ ಬಲಿಯುವ ಹೊತ್ತಿಗೆ ಮಳೆ ಇರಬಾರದು. ಒದ್ದೆ ತೆನೆಗೆ ಬೂಸ್ಟು ಹಿಡಿಯುತ್ತದೆ, ಕಾಳು ತೆನೆಯಲ್ಲೇ ಮೊಳೆಯುವುದೂ ಉಂಟು. ನಾವು ಮಘಿ ಮಳೆಗೆ ಬಿತ್ತುತ್ತೇವೆ, ಅಂದರೆ ಆಗಸ್ಟ್ ಎರಡನೇ ಭಾಗ. ಹಗಲು ಗಿಡ್ಡವಾಗುತ್ತ ಬಂದಂತೆ ಗಿಡ ಹೂವಿಗೆ ತಿರುಗುತ್ತದೆ, ಸ್ವಾತಿ ಮಳೆ ಕಳೆದು ಒಣಗಾಳಿ ಶುರುವಾಗುವ ಹೊತ್ತಿಗೆ ತೆನೆ ಬಲಿಯುತ್ತದೆ. ಒಟ್ಟು ಮೂರರಿಂದ ನಾಲ್ಕು ತಿಂಗಳ ಬೆಳೆ.

ಮೊದಲ ಮೂರು ವಾರ ಗಿಡ ಏನೂ ಮಾಡುತ್ತಿಲ್ಲವೇನೋ ಅನ್ನಿಸುತ್ತದೆ. ಆ ಹೊತ್ತಿನಲ್ಲೇ ಕಳೆ ಮುತ್ತುವುದು, ಆ ಹೊತ್ತಿನಲ್ಲೇ ನಮ್ಮ ಬೆನ್ನು ಬಗ್ಗಬೇಕಾದದ್ದು. ಆಮೇಲೆ ಅದು ಎದ್ದಿತೆಂದರೆ ಕಳೆಗೆ ಬಿಸಿಲೇ ಬಿಡುವುದಿಲ್ಲ. ಜೋಳ, ಕಬ್ಬು, ಮೆಕ್ಕೆಜೋಳ ಬಿಸಿಲನ್ನು ಬಳಸಿಕೊಳ್ಳುವ ಸಿ4 ಎಂಬ ಚುರುಕಿನ ದಾರಿಯನ್ನೇ ದಂಟೂ ಹಿಡಿದಿದೆ. ಅಗಲ ಎಲೆಯ ಗಿಡಗಳಲ್ಲಿ ಇದು ಅಪರೂಪ. ಹೀಗಾಗಿ ನೆತ್ತಿ ಸುಡುವ ಬಿಸಿಲಿನಲ್ಲಿ ಬದನೆ, ಟೊಮೆಟೊ ಬಾಡಿ ನಿಂತಿರುವಾಗ ಇದು ಬೆಳೆಯುತ್ತಿರುತ್ತದೆ. ಗೇಣುದ್ದ ಆದಾಗ ಸಾಲಿನಲ್ಲಿ ಅರ್ಧ ಅಡಿಗೊಂದರಂತೆ ಬಿಟ್ಟು ಉಳಿದದ್ದನ್ನು ಕಿತ್ತರೆ ಅದೇ ಒಂದು ವಾರದ ಪಲ್ಯ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಇರಲಿ. ಹೀಗೆ ಕಿತ್ತ ಎಳೆಯ ಸಸಿಯ ರುಚಿ ಪೇಟೆಯ ಸಿವುಡಿನಲ್ಲಿಲ್ಲ, ಬೇರಿನ ಬುಡ ಕತ್ತರಿಸಿ ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿದರೆ ಮುಗಿಯಿತು. ಕಾಳಿಗೆ ಬಿಟ್ಟ ಗಿಡದಿಂದಲೂ ಕೆಳಗಿನ ಎಲೆ ನಾಲ್ಕು ತೆಗೆಯಬಹುದು. ಆಸೆಬುರುಕರಾಗಿ ಬೋಳಿಸಿದರೆ ತೆನೆ ಸಣ್ಣದಾಗುತ್ತದೆ.

ಹುಳುಗಳ ವಿಚಾರಕ್ಕೆ ಬಂದರೆ, ಎಲೆ ಸುತ್ತಿ ಬಲೆ ಕಟ್ಟುವ ಹಸಿರು ಹುಳು ಮಳೆ ನಿಂತಾಗ ಬರುತ್ತದೆ, ಕೈಯಲ್ಲಿ ಆರಿಸಬಹುದು. ಕಾಂಡದೊಳಗೆ ಕೊರೆಯುವ ಸೊಂಡಿಲ ಕೀಟ ಸ್ವಲ್ಪ ಮೋಸದ್ದು. ಗಿಡ ಮೇಲೆ ಚೆನ್ನಾಗಿಯೇ ಇರುತ್ತದೆ, ಒಂದು ಗಾಳಿಗೆ ಬುಡದಲ್ಲಿ ಮುರಿಯುತ್ತದೆ. ಬುಡಕ್ಕೆ ಮಣ್ಣೇರಿಸಿ, ತೆನೆ ಭಾರವಾದ ಮೇಲೆ ಕಡ್ಡಿ ಆಸರೆ ಕೊಟ್ಟರೆ ಗಾಳಿಗೆ ಬೀಳುವುದು ಕಡಿಮೆ.

ತೆನೆ ಬಂದ ಮೇಲೆ ಹಿತ್ತಲು ಬೇರೆಯೇ ಆಗುತ್ತದೆ. ಆಳೆತ್ತರದ ಗಿಡ, ಮೇಲೆ ಮೊಳದುದ್ದದ ಕುಚ್ಚು. ಕೆಲವು ಹಸಿರು ಹಳದಿ, ಕೆಲವು ಕಡುಗೆಂಪು. ಬೀದಿಯಲ್ಲಿ ಹೋಗುವವರು ಯಾವ ಹೂವ್ರಿ ಅಂತ ಕೇಳುತ್ತಾರೆ. ಮಕ್ಕಳು ಎಳೆದು ನೋಡುತ್ತಾರೆ. ರಾಟವಾಳ ಹಕ್ಕಿಗಳು ಗುಂಪಾಗಿ ಬಂದು ಕೂರುತ್ತವೆ, ಕೂತ ಭಾರಕ್ಕೆ ತೆನೆ ಬಾಗಿ ಕಾಳು ನೆಲಕ್ಕೆ. ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ನಾನು ಹಳೆಯ ಸೊಳ್ಳೆಪರದೆ ಹೊದಿಸುತ್ತೇನೆ, ಅಂದ ಹೋಗುತ್ತದೆ, ಕಾಳು ಉಳಿಯುತ್ತದೆ.

ಕೊಯ್ಲಿನ ಹದ ಹಿಡಿಯುವುದು ಸ್ವಲ್ಪ ಸೂಕ್ಷ್ಮ. ರಾಗಿ, ಭತ್ತದ ಹಾಗೆ ಹೊಲವಿಡೀ ಒಣಗಿ ಕರೆಯುವುದಿಲ್ಲ ಇದು. ಎಲೆ ಇನ್ನೂ ಹಸಿರಿರುವಾಗಲೇ ತೆನೆಯ ಕೆಳಭಾಗದ ಕಾಳು ಬಲಿತಿರುತ್ತದೆ, ತುದಿಯಲ್ಲಿ ಇನ್ನೂ ಹೂವಿರುತ್ತದೆ. ತುದಿಗಾಗಿ ಕಾದರೆ ಬುಡದ್ದು ಉದುರಿಹೋಗುತ್ತದೆ. ಅತ್ತೆಯ ಪರೀಕ್ಷೆ ಸರಳ: "ಬೆಳಗ್ಗಿನ ಇಬ್ಬನಿ ಆರಿದ ಮ್ಯಾಲೆ ತೆನೀನ ಕೈಯಾಗ ತಿಕ್ಕಿ ನೋಡು. ಕಾಳು ಉದುರಿದ್ರ ಕೊಯ್ಯಿ, ಬರೇ ಹೂವ ಉದುರಿದ್ರ ಬಿಡು." ಇನ್ನೊಂದು ಗುರುತು ಕಾಳಿನಲ್ಲೇ ಇದೆ. ಹಲ್ಲಿನಲ್ಲಿ ಕಚ್ಚಿದಾಗ ಹಿಟ್ಟಿನಂತೆ ಮೆತ್ತಗಾದರೆ ಆಗಿಲ್ಲ, ಕಟಕ್ಕೆಂದರೆ ಆಗಿದೆ.

ತೆನೆಯನ್ನಷ್ಟೇ ಕೊಯ್ದು ಹಳೆಯ ಸೀರೆಯ ಮೇಲೆ ಹರಡಿ ನಾಲ್ಕೈದು ದಿನ ಒಣಗಿಸುತ್ತೇವೆ. ಗೋಣಿಚೀಲ ಬೇಡ, ಅದರ ನೂಲಿನ ಸಂದಿಗೆಲ್ಲ ಕಾಳು ಸೇರಿಕೊಳ್ಳುತ್ತದೆ. ಒಣಗಿದ ತೆನೆಯನ್ನು ಕೈಯಲ್ಲಿ ಉಜ್ಜುವಾಗ ಕೈಗವಸು ಇದ್ದರೆ ಒಳ್ಳೆಯದು. ನೋಡಲು ಮೃದುವಾಗಿರುವ ಆ ಕುಚ್ಚಿನಲ್ಲಿ ಸಣ್ಣ ಚೂಪು ಎಸಳುಗಳಿವೆ, ಅಂಗೈ ಕೆಂಪಾಗಿ ಉರಿಯುತ್ತದೆ. ಸೀರೆಯ ಮೇಲೆ ಈಗ ಕೆಂಪು ಹೊಟ್ಟಿನ ಗುಡ್ಡೆ. ಕಾಳು ಎಲ್ಲಿದೆ ಅಂತ ಹುಡುಕಬೇಕು.

ಮೊದಲು ಸಾಣಿಗೆಯಲ್ಲಿ ಹಾಕಿ ದೊಡ್ಡ ಹೊಟ್ಟು ಮೇಲುಳಿಸುತ್ತೇವೆ. ಕೆಳಗೆ ಬಿದ್ದದ್ದರಲ್ಲಿ ಕಾಳು, ದೂಳು, ಹೂವಿನ ಪುಡಿ ಎಲ್ಲ ಇರುತ್ತದೆ. ಆಮೇಲೆ ಮೊರ. ಇಲ್ಲಿ ನನ್ನ ಕೈಯ ಆಟ ನಡೆಯುವುದಿಲ್ಲ. ರಾಗಿ ಕೇರಿದ ಹಾಗೆ ಜೋರಾಗಿ ಕೇರಿದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತದೆ, ಅಷ್ಟು ಹಗುರ. ಅತ್ತೆ ಮೊರವನ್ನು ಎತ್ತುವುದೇ ಇಲ್ಲ. ಎರಡೂ ಕೈಯಲ್ಲಿ ಹಿಡಿದು, ಎದೆಯ ಕಡೆಗೆ ಸ್ವಲ್ಪ ಬಾಗಿಸಿ, ಬೆರಳ ತುದಿಯಿಂದ ಮೊರದ ಅಡಿಗೆ ತಟ್ಟುತ್ತಾರೆ. ತಟ್ಟಿದ ಹಾಗೆ ಕಾಳು ಮೊರದ ಹಿಂಬದಿಗೆ ಜಾರುತ್ತ ಸೇರಿಕೊಳ್ಳುತ್ತದೆ, ಕೆಂಪು ಪುಡಿ ಮುಂಬದಿಗೆ ಉಳಿಯುತ್ತದೆ. ಅದರ ಮೇಲೆ ಬಾಯಿಂದ ಒಂದು ಮೆಲ್ಲನೆ ಉಫ್. ಮತ್ತೆ ತಟ್ಟು. ನೋಡನೋಡುತ್ತಿದ್ದಂತೆ ಕೆಂಪು ಕಡಿಮೆಯಾಗಿ ಕೆನೆಬಣ್ಣ ಮೇಲೆ ಬರುತ್ತದೆ. ಟೇಬಲ್ ಫ್ಯಾನ್ ಇಟ್ಟು ಮಾಡುವವರಿದ್ದಾರೆ, ನಾನೂ ಮಾಡುತ್ತೇನೆ, ಆದರೆ ಆಗ ಅಂಗಳದ ತುಂಬ ಮುಂದಿನ ವರ್ಷದ ಸಸಿ.

ಆ ಸಸಿಗಳ ಬಗ್ಗೆ ತಮಾಷೆಯಲ್ಲ. ಒಂದು ಗಿಡ ಐವತ್ತು ಸಾವಿರ ಬೀಜ ಹೊತ್ತು ನಿಲ್ಲುವುದು ಸಾಮಾನ್ಯ, ಲಕ್ಷವೂ ಆಗಬಹುದು. ಇದೇ ಕುಲದ ಪಾಮರ್ ಎಂಬ ಕಾಡುದಂಟು ಅಮೆರಿಕದ ಹತ್ತಿ, ಸೋಯಾ ರೈತರ ನಿದ್ದೆ ಕೆಡಿಸಿದೆ. 2005ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಅದು ಗ್ಲೈಫೋಸೇಟ್ ಕಳೆನಾಶಕಕ್ಕೂ ಜಗ್ಗುವುದಿಲ್ಲ ಅಂತ ಖಚಿತವಾಯಿತು. ಅಂಥ ಮನೆತನದ್ದು ನಮ್ಮ ಮಡಿಯಲ್ಲಿ ಸಾಧುವಾಗಿ ನಿಂತಿದೆ ಅಂದರೆ ನಾವು ಎಳೆಯದರಲ್ಲೇ ಕಿತ್ತು ಪಲ್ಯ ಮಾಡುತ್ತೇವೆ ಅನ್ನುವ ಒಂದೇ ಕಾರಣಕ್ಕೆ. ಬೀಜಕ್ಕೆಂದು ಎತ್ತಿಡುವುದನ್ನು ಮಾತ್ರ ಕಣ್ಣಿಟ್ಟು ಆರಿಸಬೇಕು. ಪಕ್ಕದಲ್ಲಿ ಬೇರೆ ಜಾತಿಯ ದಂಟು ಹೂ ಬಿಟ್ಟಿದ್ದರೆ ಗಾಳಿಗೆ ಪರಾಗ ಬೆರೆಯುವುದುಂಟು, ಆಗ ಮುಂದಿನ ಬೆಳೆಯಲ್ಲಿ ಕಪ್ಪು ಕಾಳು ಇಣುಕುತ್ತದೆ. ಅಂಥ ಗಿಡವನ್ನು ಬೀಜಕ್ಕೆ ಬಿಡಬಾರದು.

ಎಷ್ಟು ಸಿಗುತ್ತದೆ? ಹೊಲದಲ್ಲಿ ಒಳ್ಳೆಯ ಆರೈಕೆಗೆ ಹೆಕ್ಟೇರಿಗೆ ಹತ್ತು ಕ್ವಿಂಟಾಲ್ ಅಂತ ಹಿಡಿದರೆ, ಹತ್ತಡಿಗೆ ಹತ್ತಡಿಯ ಮಡಿಗೆ ಒಂದು ಕಿಲೋ ಹತ್ತಿರ ಬರಬೇಕು. ಹಿತ್ತಲಿನ ಲೆಕ್ಕವೂ ಅದಕ್ಕೆ ತೀರ ದೂರವಿಲ್ಲ. ಒಂದು ಕಿಲೋ ಕಾಳಿಗೆ ಇಷ್ಟೆಲ್ಲ ಯಾಕೆ ಅನ್ನುವವರಿಗೆ ನನ್ನ ಹತ್ತಿರ ಸಮಾಧಾನದ ಉತ್ತರವಿಲ್ಲ. ದುಡ್ಡಿನ ಲೆಕ್ಕದಲ್ಲಿ ಇದು ನಷ್ಟದ ಬಾಬತ್ತು. ಆದರೆ ಅದೇ ಜಾಗದಿಂದ ಅಷ್ಟು ದಿನ ಪಲ್ಯವೂ ಬಂದಿತ್ತು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಬೇರೆ ಯಾವ ಧಾನ್ಯ ತೆನೆ ಬರುವ ಮೊದಲೇ ಊಟ ಹಾಕುತ್ತದೆ?

ಇನ್ನು ಅಡಿಗೆ. ಅರಳಿಸುವುದನ್ನು ಇಲ್ಲಿ ಅಳ್ಳು ಹುರಿಯುವುದು ಅನ್ನುತ್ತಾರೆ. ನಾಗರಪಂಚಮಿಗೆ ಜೋಳದ ಅಳ್ಳು ಹುರಿಯುವ ಕೈಗೆ ರಾಜಗಿರಿ ಅಳ್ಳು ಎಡಗೈ ಕೆಲಸ. ದಪ್ಪ ತಳದ ಕಡಾಯಿ, ಎಣ್ಣೆ ಒಂದು ಹನಿಯೂ ಬೇಡ. ನೀರು ಚಿಮುಕಿಸಿದರೆ ಹನಿ ಗುಂಡಾಗಿ ಓಡಾಡಬೇಕು, ಅಷ್ಟು ಕಾಯಬೇಕು. ಒಂದೇ ಚಮಚ ಕಾಳು ಹಾಕಿ, ಬಟ್ಟೆಯ ಉಂಡೆಯಿಂದ ತಳಕ್ಕೆ ತೆಳ್ಳಗೆ ಆಡಿಸಬೇಕು. ಚಟಪಟ ಅನ್ನುತ್ತಿದ್ದಂತೆ ಕೆನೆಬಣ್ಣದ ಚುಕ್ಕಿಗಳು ಒಂದೊಂದಾಗಿ ತಿರುಗಿ ಬಿದ್ದು ಬೆಳ್ಳಗಾಗುತ್ತವೆ. ಹತ್ತು ಹದಿನೈದು ಸೆಕೆಂಡಿನ ಆಟ. ಆಸೆಪಟ್ಟು ಎರಡು ಚಮಚ ಹಾಕಿದರೆ ಅರ್ಧ ಅರಳುವುದಿಲ್ಲ, ಉಳಿದರ್ಧ ಕಂದುತ್ತದೆ. ಅರಳಿದ್ದನ್ನು ಅಲ್ಲೇ ಬಿಟ್ಟರೂ ಕಹಿ, ತಕ್ಷಣ ಅಗಲ ತಾಟಿಗೆ ಸುರಿಯಬೇಕು. ಕಾಳು ವಿಪರೀತ ಒಣಗಿದ್ದರೆ ಅರಳುವುದಿಲ್ಲ, ಹಿಂದಿನ ರಾತ್ರಿ ನೀರು ಚಿಮುಕಿಸಿ ಮುಚ್ಚಿಟ್ಟರೆ ಸರಿಹೋಗುತ್ತದೆ. ಒಳಗಿನ ಪಸೆ ಆವಿಯಾಗಿ ಕಾಳನ್ನು ಒಡೆಯುವುದರಿಂದಲೇ ಅಳ್ಳು ಆಗುವುದು. ಕೊನೆಗೆ ಸಾಣಿಗೆಗೆ ಹಾಕಿದರೆ ಅರಳದ ಕಾಳು ಕೆಳಗೆ ಬೀಳುತ್ತದೆ. ಬೆಲ್ಲದ ಆಣ ಉಂಡೆಗೆ ಬರುವಷ್ಟು ಗಟ್ಟಿಯಾದಾಗ ಅಳ್ಳು ಸುರಿದು, ಕೈಗೆ ನೀರು ಮುಟ್ಟಿಸಿಕೊಂಡು ಬಿಸಿಯಿರುವಾಗಲೇ ಕಟ್ಟಿದರೆ ಉಂಡಿ.

ಉಂಡಿ ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದಿರುವುದು ಉಂಡಿಯಾಚೆಗಿನದು. ರಾಜಗಿರಿಯನ್ನು ನಾವು ಎರಡು ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇವೆ. ಒಂದು ಉಪವಾಸದ ಪೆಟ್ಟಿಗೆ, ಇನ್ನೊಂದು ಸೂಪರ್‌ಫುಡ್ ಅಂತ ಲೇಬಲ್ ಅಂಟಿಸಿದ ಮಾಲ್‌ನ ಪೆಟ್ಟಿಗೆ. ಎರಡರ ನಡುವೆ ಬುಧವಾರದ ಮಧ್ಯಾಹ್ನಕ್ಕೆ ಜಾಗವೇ ಇಲ್ಲ. ನಾನು ಸುಮ್ಮನೆ ಒಂದು ದಿನ ಇದರ ಗಂಜಿ ಮಾಡಿದಾಗ ಅತ್ತೆ ಕ್ಯಾಲೆಂಡರ್ ನೋಡಿ ಬಂದರು. "ಏಕಾದಶಿ ಅಲ್ಲ, ಸಂಕಷ್ಟಿ ಅಲ್ಲ, ಇವತ್ಯಾಕ ರಾಜಗಿರಿ?"

ಗಂಜಿಗೆ ಕಾಳನ್ನು ಬಟ್ಟೆಯಲ್ಲಿ ತೊಳೆಯಬೇಕು, ಸಾಮಾನ್ಯ ಜರಡಿಯಲ್ಲಿ ತೊಳೆದರೆ ಅರ್ಧ ಮೋರಿಗೆ. ಒಂದು ಲೋಟಕ್ಕೆ ಮೂರು ಲೋಟ ನೀರು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಬೆಂದರೂ ಕಾಳು ಬಿಡಿಯಾಗಿ ಹಲ್ಲಿಗೆ ಸಿಗುತ್ತದೆ, ಸುತ್ತಲಿನ ನೀರು ಮಾತ್ರ ಲೋಳೆಯಾಗುತ್ತದೆ. ಆ ಲೋಳೆ ಕೆಲವರಿಗೆ ಸೇರುವುದಿಲ್ಲ. ನನ್ನ ಮಗನಿಗಂತೂ ಇಲ್ಲ. ಅಂಥವರಿಗೆ ಜೋಳದ ನುಚ್ಚಿಗೆ ಕಾಲು ಪಾಲು ಸೇರಿಸಿ ಬೇಯಿಸಿದರೆ ಗೊತ್ತಾಗುವುದಿಲ್ಲ. ಜೋಳ, ರಾಗಿ, ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಇದರಲ್ಲಿ ಧಾರಾಳ. ಹಾಗಾಗಿ ಬೆರಕೆಗೇ ಅರ್ಥ ಹೆಚ್ಚು. ನೂರು ಗ್ರಾಂ ಕಾಳಿಗೆ 13-14 ಗ್ರಾಂ ಪ್ರೋಟೀನು, 7 ಮಿಲಿಗ್ರಾಂ ದಾಟಿದ ಕಬ್ಬಿಣ. ಪೌಷ್ಟಿಕತೆಯ ಮಾತು ಇಷ್ಟು ಸಾಕು. ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯವರು ವೈದ್ಯರನ್ನು ಕೇಳಿ ತಿನ್ನಲಿ ಅನ್ನುವುದನ್ನೂ ಸೇರಿಸಿಬಿಡುತ್ತೇನೆ.

ಹಿಟ್ಟು ಮಾಡಿದರೆ ಮಿಕ್ಸಿಯೇ ಸಾಕು. ಆದರೆ ಅಂಟಿನ ಗುಣ ಇಲ್ಲದ್ದರಿಂದ ಬರೀ ಇದರ ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತದೆ. ಬೇಯಿಸಿದ ಬಟಾಟಿ ನುರಿದು, ಹಸಿಮೆಣಸು, ಜೀರಿಗೆ, ಶೇಂಗಾ ಪುಡಿ ಹಾಕಿ ಕಲಸಿ ತಾಲಿಪಟ್ಟಿ ತಟ್ಟಿದರೆ ಹಂಚಿನ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಉಪವಾಸದ ಈ ತಾಲಿಪಟ್ಟಿಗೆ ನಾನು ಉಳ್ಳಾಗಡ್ಡಿ ಹಾಕಿದೆ. ಅಲ್ಲಿಗೆ ಅದು ಉಪವಾಸದ್ದಲ್ಲದೆ ಹೋಯಿತು, ರುಚಿ ಎರಡರಷ್ಟಾಯಿತು. ಅತ್ತೆ ಮೊದಲು ಮೂಗು ಮುರಿದರು, ಆಮೇಲೆ ಗುರೆಳ್ಳು ಚಟ್ನಿ ಜೊತೆ ಇನ್ನೊಂದು ಕೇಳಿದರು. ಬೆಳಗ್ಗೆ ಅಳ್ಳನ್ನು ಗಟ್ಟಿ ಮೊಸರಿಗೆ ಹಾಕಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಕ್ಷಣ ತಿಂದರೆ ಅದರಂಥ ನಾಷ್ಟಾ ಇಲ್ಲ. ತಕ್ಷಣ ಅನ್ನುವುದು ಮುಖ್ಯ, ಫೋನು ಬಂತೆಂದು ಎದ್ದರೆ ಮೆತ್ತಗಾಗಿ ಹೋಗುತ್ತದೆ.

ಕೊಯ್ಲಾದ ಹೊಸತರಲ್ಲಿ ಡಬ್ಬಿ ತುಂಬಿರುವಾಗ ಎಲ್ಲದಕ್ಕೂ ಒಂದು ಹಿಡಿ ಬೀಳುತ್ತದೆ, ಉಪ್ಪಿಟ್ಟಿಗೂ ಬಿತ್ತು ಒಮ್ಮೆ. ಶಿವರಾತ್ರಿ ಹೊತ್ತಿಗೆ ಎಚ್ಚರ ಬರುತ್ತದೆ. ಬಿತ್ತನೆಗೆಂದು ಒಂದು ಸಣ್ಣ ಸೀಸೆಯನ್ನು ಅತ್ತೆ ಮೊದಲೇ ದೇವರ ಮನೆಯ ಮಾಡಿನಲ್ಲಿ ಇಟ್ಟುಬಿಟ್ಟಿರುತ್ತಾರೆ, ಅದನ್ನು ನಾನು ಮುಟ್ಟುವ ಹಾಗಿಲ್ಲ. ಯುಗಾದಿ ಕಳೆದ ಮೇಲೆ ಅಂಗಡಿಯದೇ ಗತಿ. ಅಂಗಡಿಯದು ಸ್ವಚ್ಛವಾಗಿರುತ್ತದೆ, ಅಗ್ಗವೂ ಹೌದು. ರುಚಿಯಲ್ಲಿ ನನಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಅತ್ತೆಗೆ ತಿಳಿಯುತ್ತದಂತೆ.